ಬಿಸಿ ಮಾಡಿ ಗೆದ್ದ ಅತ್ತಿಗೆ

ನಮ್ಮ ಮನೆಯಲ್ಲಿ ವೈರಿನ ಕೆಲಸದವರು ಇಬ್ಬರು. ನಾನು ಒಂದು ಸಂಶೋಧನಾಲಯದಲ್ಲಿ ಫ್ಯೂಸು, ಸ್ವಿಚ್ಚು, ಪಂಪಿನ ಮೋಟರು ನೋಡಿಕೊಳ್ಳುವ ಎಲೆಕ್ಟ್ರಿಷಿಯನ್. ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ನನ್ನ ಅತ್ತಿಗೆ ವಿಜ್ಞಾನಿ. ನನ್ನ ವೈರು ಕಿರುಬೆರಳ ಗಾತ್ರದ್ದು, ಅವರದು ಕಣ್ಣಿಗೇ ಕಾಣುವುದಿಲ್ಲ. ಒಂದು ಕೂದಲನ್ನು ಸಾವಿರ ಸೀಳು ಮಾಡಿದರೆ ಅದರಲ್ಲಿ ಒಂದು ಸೀಳಿನಷ್ಟು ಸಣ್ಣ ತಂತಿಯಂತೆ.

"ಕಾಣದೇ ಇರೋ ವೈರ್‌ಗೂ ಸಂಬಳ ಕೊಡ್ತಾರಲ್ಲ ಅತ್ತಿಗೆ, ನನ್ನನ್ನೂ ಅಲ್ಲೇ ಸೇರಿಸಿ" ಎಂದು ರೇಗಿಸಿದರೆ, "ನಿನ್ನ ಕೈಗೆ ಕೊಟ್ರೆ ಟೇಪ್ ಸುತ್ತಿ ಇಡ್ತೀಯ, ಸುಮ್ನಿರು" ಎನ್ನುತ್ತಾರೆ.

ಅದು ಅತಿವಾಹಕದ ತಂತಿ. ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗೆ ಮಾಡಿದರೆ ಅದರೊಳಗೆ ಕರೆಂಟು ಎಳ್ಳಷ್ಟೂ ತಡೆಯಿಲ್ಲದೆ ಓಡುತ್ತದೆ. ಕರೆಂಟು ಏರಿಸುತ್ತ ಹೋದರೆ ಒಂದು ಹಂತದಲ್ಲಿ ಥಟ್ಟನೆ ಮುನಿಸಿಕೊಳ್ಳುತ್ತದೆ. ತಡೆ ಹುಟ್ಟುತ್ತದೆ, ತಂತಿ ಬಿಸಿಯಾಗುತ್ತದೆ. ಸರಿ, ಕರೆಂಟು ಇಳಿಸಿದರೆ ಅದೇ ಹಂತದಲ್ಲಿ ಮುನಿಸು ಬಿಡಬೇಕಲ್ಲ? ಬಿಡುತ್ತಿರಲಿಲ್ಲ. ತೀರ ಕೆಳಗೆ ಇಳಿಸಿದ ಮೇಲೆಯೇ ದಾರಿಗೆ ಬರುತ್ತಿತ್ತು. ಪರದೆಯ ಮೇಲೆ ಹತ್ತುವ ಗೆರೆ ಒಂದು ಕಡೆ, ಇಳಿಯುವ ಗೆರೆ ಇನ್ನೊಂದು ಕಡೆ.

ವಿಭಾಗದ ಮುಖ್ಯಸ್ಥರಾದ ಹಿರಿಯರೊಬ್ಬರು ತಂತಿಯಲ್ಲೇ ಐಬಿದೆ ಎಂದು ತೀರ್ಮಾನಿಸಿದರು. ಈ ವಾರ ಮುಗಿದರೆ ತಂತಿಯನ್ನು ತಣ್ಣಗಿಡುವ ಶೀತಯಂತ್ರ ಪಕ್ಕದ ತಂಡಕ್ಕೆ, ಅತ್ತಿಗೆಯ ವರ್ಷಗಳ ಕೆಲಸ ಮೂಲೆಗೆ. ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಊಟಕ್ಕೆ ಕೂತಾಗ ಅಣ್ಣನ ಎದುರು ಕೂಗಾಡಿಬಿಟ್ಟೆ.

ಅತ್ತಿಗೆ ತಟ್ಟೆಯಿಂದ ತಲೆಯೆತ್ತಿ ನಕ್ಕರು. "ನನ್ನ ತಂತಿ ಥೇಟ್ ನಿನ್ನ ಹಾಗೇನೇ ಕಣೋ. ತುಂಬ ಹೊತ್ತು ತಡ್ಕೊಂಡು ಸಿಡಿದ್ರೆ ಸಂಜೆ ತನಕ ಇಳಿಯಲ್ಲ. ಆಗಾಗ ಸ್ವಲ್ಪ ಗೊಣಗಿದ್ರೆ ಅಲ್ಲೇ ತಣ್ಣಗಾಗ್ತೀಯ. ತುಂಬ ತಣ್ಣಗಿಟ್ರೆ ತಂತಿ ಜಾಸ್ತಿ ಕರೆಂಟು ತಡ್ಕೊಳ್ಳುತ್ತೆ. ಆಮೇಲೆ ಸೋತಾಗ ಅಷ್ಟೂ ಕರೆಂಟು ಬಿಸಿಯಾಗಿ ತಂತೀನ ಬೇಗ ತಣಿಯೋಕೆ ಬಿಡಲ್ಲ. ಐಬಲ್ಲ, ಬಿಸಿ."

"ಹಾಗಾದ್ರೆ ತೋರಿಸಿಬಿಡು" ಎಂದ ಅಣ್ಣ, ಸಾರು ಬಡಿಸಿಕೊಳ್ಳುತ್ತ, ಅದೇನು ಮಹಾ ಎಂಬಂತೆ.

ತೋರಿಸುವುದು ಅಷ್ಟು ಸುಲಭವಿರಲಿಲ್ಲ. ಆ ನೆಲಮಾಳಿಗೆಯಲ್ಲಿ ತಣ್ಣಗಿದ್ದಷ್ಟೂ ಮರ್ಯಾದೆ ಜಾಸ್ತಿ. ಯಂತ್ರದ ತಾಪವನ್ನು ತಳಮಟ್ಟಕ್ಕೆ ಇಳಿಸಿದ ಮೇಲೆಯೇ ಎಲ್ಲರೂ ಅಳತೆ ಶುರು ಮಾಡುವುದು. ಅತ್ತಿಗೆಯೂ ಇಷ್ಟು ದಿನ ಹಾಗೇ ಮಾಡಿದ್ದರು. ತಂತಿಯನ್ನು ಬೇಕೆಂದೇ ಒಂದಿಷ್ಟು ಬಿಸಿ ಮಾಡಿ ನೋಡೋಣ ಎನ್ನುವುದು ಯಾರ ತಲೆಗೂ ಹೊಳೆದಿರಲಿಲ್ಲ.

ಕೊನೆಯ ದಿನ ನಾನು ಶೀತಯಂತ್ರದ ಪಂಪಿನ ಮೋಟರಿನ ನೆಪ ಹೇಳಿ ಅಲ್ಲೇ ಬೀಡುಬಿಟ್ಟೆ. ಬಾಗಿಲಾಚೆ ಪಕ್ಕದ ತಂಡದವರು ತಳ್ಳುಗಾಡಿ ಹಿಡಿದು ಆಗಲೇ ಕಾಯುತ್ತಿದ್ದರು. ಅತ್ತಿಗೆ ಹೀಟರಿನ ಗುಂಡಿ ತಿರುಗಿಸಿದಾಗ, ಯಂತ್ರ ಒಪ್ಪಿಸಲು ಬಂದಿದ್ದ ಹಿರಿಯರು ಹೌಹಾರಿದರು.

"ಏನ್ರೀ ಇದು! ಬಿಸಿ ಮಾಡ್ತಿದೀರಾ?"

"ಹೌದು ಸರ್. ತಂತಿ ಬೇಗ ಸೋಲಲಿ. ಸಣ್ಣ ಕರೆಂಟಲ್ಲಿ ಸೋತ್ರೆ ಹುಟ್ಟೋ ಬಿಸೀನೂ ಸಣ್ಣದು, ಹುಟ್ಟಿದ ಹಾಗೇ ಹೊರಗೆ ಹೋಗುತ್ತೆ. ಎರಡು ಗೆರೆ ಕೂಡಬೇಕು. ಐಬಿದ್ರೆ ಕೂಡಲ್ಲ."

ಗೆರೆ ಹತ್ತಿತು. ತಂತಿ ಮುನಿಸಿಕೊಂಡಿತು, ಈ ಸಲ ಬೇಗನೆ. ಅತ್ತಿಗೆ ಕರೆಂಟು ಇಳಿಸತೊಡಗಿದರು. ನಾನು ಪರದೆಯನ್ನೇ ನೋಡಿದೆ. ಇಳಿಯುವ ಗೆರೆ ಹತ್ತಿದ ಗೆರೆಯ ಮೇಲೆಯೇ ನಡೆದು ಬಂತು, ಒಂದಿಷ್ಟೂ ಆಚೀಚೆ ಆಗಲಿಲ್ಲ. ಎರಡು ಇದ್ದದ್ದು ಒಂದಾಗಿತ್ತು.

ಹಿರಿಯರು ಅಷ್ಟಕ್ಕೆ ಒಪ್ಪುವವರಲ್ಲ. "ಮತ್ತೆ ತಣ್ಣಗೆ ಮಾಡಿ" ಎಂದರು. ಗೆರೆಗಳು ಬೇರೆಯಾದವು. "ಈಗ ಬಿಸಿ." ಕೂಡಿಕೊಂಡವು. "ಇನ್ನೊಂದ್ಸಲ." ಆಮೇಲೆ ಕೇಳುತ್ತಿದ್ದದ್ದು ಅನುಮಾನಕ್ಕಲ್ಲ, ಆಸೆಗೆ. ಕುರ್ಚಿ ಎಳೆದು ಅತ್ತಿಗೆಯ ಪಕ್ಕದಲ್ಲೇ ಕೂತುಬಿಟ್ಟಿದ್ದರು. ತಳ್ಳುಗಾಡಿಯವರೂ ಒಬ್ಬೊಬ್ಬರಾಗಿ ಒಳಗೆ ಬಂದು ಬೆನ್ನ ಹಿಂದೆ ನಿಂತು ಇಣುಕುತ್ತಿದ್ದರು. ನನಗೋ ಹಾಳು ಕಣ್ಣೀರು, ತಡೆದರೂ ನಿಲ್ಲಲಿಲ್ಲ. ಅಷ್ಟು ಸಂತೋಷ.

ಅತ್ತಿಗೆ ಹಿರಿಯರ ಕಡೆ ತಿರುಗಿದರು. "ಐಬಿದೆ ಅಂದಿದ್ರಲ್ಲ ಸರ್?"

"ಅಂದಿದ್ದೆ. ತಪ್ಪಾಯ್ತು ಕಣಮ್ಮ" ಎಂದರು ಅವರು, ಎಲ್ಲರಿಗೂ ಕೇಳುವಂತೆ. ಆಮೇಲೆ ತಳ್ಳುಗಾಡಿಯವರನ್ನು ನೋಡಿ, "ನೀವಿನ್ನೂ ಇಲ್ಲೇ ಇದೀರಾ? ಯಂತ್ರ ಎಲ್ಲೂ ಹೋಗಲ್ಲ. ನಡೀರಿ, ಅವರಿಗೆ ಕೆಲಸ ಮಾಡಕ್ಕೆ ಬಿಡಿ" ಎಂದರು.

ಗಾಡಿ ಖಾಲಿಯಾಗಿಯೇ ವಾಪಸ್ ಹೋಯಿತು. ನಮ್ಮ ಅತ್ತಿಗೆ ಕೋಟಿನ ತೋಳು ಮೇಲೇರಿಸಿ, "ಪಂಪು ಸರಿಯಾಗಿ ನೋಡ್ಕೊಳಪ್ಪ, ಇನ್ನು ತುಂಬ ದಿನ ಓಡಬೇಕು" ಎಂದು ನನಗೆ ಹೇಳಿ, ಮುಂದಿನ ತಂತಿಗೆ ಕೈ ಹಾಕಿದರು.