ನೀಲಮ್ಮತ್ತಿಯ ಡ್ರಮ್ಮಿನ ಸರ್ಕಲ್

ಜೀಪಿನ ಕಿಟಕಿಯಿಂದ ಹಸಿರು ಬಳೆಯ ಕೈಯೊಂದು ಮೊಣಕೈತನಕ ಹೊರಗೆ ಬಂತೆಂದರೆ ರಾಣೆಬೆನ್ನೂರಿನ ಟ್ರ್ಯಾಕ್ಟರ್ ಡ್ರೈವರ್‌ಗಳು ಗಡಬಡಿಸಿ ಬ್ರೇಕ್ ಒತ್ತುತ್ತಿದ್ದರು. ಅದು ನಮ್ಮಪ್ಪನ ಅಕ್ಕ ನೀಲಮ್ಮತ್ತಿಯ ಕೈ. ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಪೇಟೆಗೆ ತಾನೇ ಜೀಪು ಹೊಡೆಯುವ ಹೆಂಗಸು! ಕೈಯ ಬೆನ್ನಿಗೇ ದನಿ ಬರುತ್ತಿತ್ತು: "ಸರ್ಕಲ್ಲಿನ ಒಳಗಿದ್ದವರು ಮೊದ್ಲ ಹೋಗ್ಲೆಪ್ಪಾ! ನಿನಗೇನ ಅಷ್ಟು ಅವಸರ?"

ನಮ್ಮ ಓಣಿಯ ಮುಂದೆ ನಾಲ್ಕು ರಸ್ತೆ ಕೂಡುವ ಜಾಗಕ್ಕೆ ಊರೆಲ್ಲ ಸರ್ಕಲ್ ಅನ್ನುತ್ತಿತ್ತು. ಮೊದಲು ಅಲ್ಲಿ ದುಂಡಗಿದ್ದದ್ದು ಏನೂ ಇರಲಿಲ್ಲ! ನಾಲ್ಕೂ ಕಡೆಯಿಂದ ಗಾಡಿಗಳು ಹುಚ್ಚೆದ್ದು ಬರುತ್ತಿದ್ದವು. ಅಲ್ಲೇ ಅತ್ತಿಯ ಗಂಡನ, ಅಂದರೆ ನಮ್ಮ ಮಾವನ ಸೈಕಲ್ಲಿಗೆ ಒಂದು ಲಾರಿ ಗುದ್ದಿ ಅವರ ಕಾಲು ಮುರಿಯಿತು. ಆಮೇಲೆ ಮಾವ ಆ ರಸ್ತೆ ದಾಟಲೇ ಇಲ್ಲ. ಆಚೆ ಬದಿಯ ಗೆಳೆಯನ ಅಂಗಡಿಯನ್ನು ಈಚೆಯಿಂದಲೇ ನೋಡುತ್ತ ಕೂತಿರುತ್ತಿದ್ದರು.

ಅತ್ತಿ ನಗರಸಭೆಗೆ ಎಡತಾಕಿ, ಬೈದು, ಬೇಡಿಕೊಂಡು, ಕೊನೆಗೂ ರಸ್ತೆ ನಡುವೆ ಡಾಂಬರಿನ ಖಾಲಿ ಡ್ರಮ್ಮುಗಳನ್ನು ದುಂಡಗೆ ಇಡಿಸಿದಳು. "ಮೆಣಸಿನಕಾಯಿ ಸುಗ್ಗಿ ಮುಗಿಯೂತನಾ ನೋಡ್ತೇವ್ರಿ, ಗಾಡಿ ಸಿಕ್ಕೊಂಡ್ರ ತಗದುಬಿಡ್ತೇವಿ" ಎಂದು ನಗರಸಭೆಯವರ ಷರತ್ತು.

ಸಿಕ್ಕಿಕೊಳ್ಳದೆ ಇರುತ್ತವೆಯೇ? ಪೇಟೆಯ ದಿನವೇ ಹಲಗೇರಿಯ ಟ್ರ್ಯಾಕ್ಟರಿನವನೊಬ್ಬ, ಬಲಕ್ಕೆ ಹೊರಳಲು ಸುತ್ತೇಕೆ ಬಳಸಬೇಕೆಂದು ಡ್ರಮ್ಮಿನ ಬಲಗಡೆಯಿಂದಲೇ ನುಗ್ಗಿದ. ಉಳಿದವರೂ ನುಗ್ಗಿದರು. ಒಳಗಿದ್ದವರು ಹೊರಗೆ ಬರುವಂತಿಲ್ಲ, ಹೊರಗಿದ್ದವರು ಒಳಗೆ ಹೋಗುವಂತಿಲ್ಲ! "ಕಿತ್ತು ಒಗೀರಿ ಈ ಡ್ರಮ್ಮು!" ಎಂದು ಮಂದಿ ಒದರತೊಡಗಿತು. ಆಗಷ್ಟೇ ಗಾಡಿ ಕಲಿಯುತ್ತಿದ್ದ ನಾನು ಅತ್ತಿಯ ಜೀಪಿನ ಸ್ಟೇರಿಂಗ್ ಹಿಡಿದು ಸರ್ಕಲ್ಲಿನ ಬಾಯಲ್ಲೇ ಸಿಕ್ಕಿಕೊಂಡಿದ್ದೆ. ಪಕ್ಕದಲ್ಲಿದ್ದ ಅತ್ತಿ ಸೆರಗು ಸಿಕ್ಕಿಸಿ ಕೆಳಗೆ ಜಿಗಿದಳು.

"ಯಣ್ಣಾ, ಊಟದ ಪಂಕ್ತ್ಯಾಗ ಕುಂತವರು ಏಳೂಕಿಂತ ಮೊದ್ಲ ಅವರ ತೊಡಿ ಮ್ಯಾಲ ಕುಂದರ್ತೀಯೇನು? ಹಿಂದ ಸರಿ! ಬಲಕ್ಕ ನೋಡು, ಬರಾಕತ್ತವಗ ದಾರಿ ಬಿಡು, ಆಮ್ಯಾಲ ಒಳಗ ಬಾ. ಗುಡಿ ಸುತ್ತಿದಂಗ ಸುತ್ತು. ಗುಡೀನ ಯಾರರ ಉಲ್ಟಾ ಸುತ್ತತಾರೇನು?"

ಗುಡಿ ಎಂದದ್ದೇ ತಡ, ಹಲಗೇರಿಯವನು ನಾಲಿಗೆ ಕಚ್ಚಿಕೊಂಡು ಹಿಂದೆ ಸರಿದ. ಅವನ ಹಿಂದಿನವರೂ ಸರಿದರು. ಅತ್ತಿ ನನ್ನತ್ತ ತಿರುಗಿದಳು. "ಏ ಹುಡುಗಿ, ಈಗ ನೀ ಹೊಡಿ. ಸಾವಕಾಶ. ಹೊರಗ ಬೀಳೂ ಮುಂದ ಎಡಕ್ಕ ಇಂಡಿಕೇಟರ್ ಹಾಕು. ನಡಕೋತ ದಾಟೋರು ಇದ್ರ ನಿಲ್ಲಸು."

ಹೋದೆ. ನನ್ನ ಬೆನ್ನಿಗೆ ಒಂದೊಂದಾಗಿ ಟ್ರ್ಯಾಕ್ಟರು, ಬಸ್ಸು, ಲಾರಿ. ಅಬ್ಬಬ್ಬಾ, ಗಾಡಿಗಳ ಸಾಲು ಹರಿಯಿತು! ಹೊರಳಲೇಬೇಕಾದ್ದರಿಂದ ಯಾವನಿಗೂ ಜೋರಾಗಿ ಹೊಡೆಯಲು ಬರಲಿಲ್ಲ, ಎದುರಾಬದುರಾ ಗುದ್ದುವ ಮಾತೇ ಇಲ್ಲ. ಸುಗ್ಗಿ ಮುಗಿದ ಮೇಲೆ ಡ್ರಮ್ಮಿನ ಜಾಗಕ್ಕೆ ಕಲ್ಲಿನ ಕಟ್ಟೆ ಬಂತು!

ಆಮೇಲೊಂದು ಮುಂಜಾನೆ ಮಾವ ಕೋಲು ಹಿಡಿದು ಎದ್ದರು. ಹೊರಳುತ್ತಿದ್ದ ಲಾರಿಯೊಂದು ಅವರಿಗಾಗಿ ನಿಂತಿತು. ಆಚೆ ಬದಿ ಮುಟ್ಟಿ ತಿರುಗಿ, "ನೀಲಾ, ದಾಟಿದೆ ನೋಡ!" ಎಂದು ಕೂಗಿದರು. ಊರನ್ನೆಲ್ಲ ಬೈಯುವ ಅತ್ತಿ ಈಚೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೈ ಎತ್ತಿದಳು. ಅಂದಿನಿಂದ ದಿನಾ ಅವರು ಕೂಗುವುದು, ಇವಳು ಕೈ ಎತ್ತುವುದು.

ಒಂದು ರಾತ್ರಿ ಅತ್ತಿ ಮಲಗಿದ್ದಲ್ಲೇ ತೀರಿಕೊಂಡಳು. ಕೆಲವು ದಿನಗಳಾದ ಮೇಲೆ ಮಾವ ಮತ್ತೆ ಕೋಲು ಹಿಡಿದು ಹೊರಟರು. ಆಚೆ ಮುಟ್ಟಿ, ತಿರುಗಿ, ಬಾಯಿ ತೆರೆದು, ಹಾಗೆಯೇ ನಿಂತುಬಿಟ್ಟರು. ಈಚೆ ನಾನೊಬ್ಬಳೇ ಇದ್ದೆ.

"ದಾಟಿದ್ರಿ ಮಾವಾ! ನಾ ನೋಡಿದೆ!" ಎಂದು ಒದರಿದೆ.