ನೆಲದಡಿಯ ತಂಪು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಕೋಲಾರದ ಒಂದು ಕಚೇರಿಗೆ ಕಂಪ್ಯೂಟರ್ ಆಪರೇಟರ್ ಆಗಿ ಸೇರಿದೆ. ಯಲ್ದೂರಿನ ನಮ್ಮ ಮನೆಯಿಂದ ತಿಂಗಳ ಸಂಬಳಕ್ಕೆ ಹೊರಟವಳು ನಾನೇ ಮೊದಲು. ಕಚೇರಿ ಇದ್ದದ್ದು ಹಳೇ ಪೇಟೆಯ ಬಾಡಿಗೆ ಮನೆಯಲ್ಲಿ. ಹಿಂದೆ ಅದು ಧಾನ್ಯದ ವ್ಯಾಪಾರಿಯೊಬ್ಬರ ಮನೆಯಾಗಿತ್ತಂತೆ. ಹಿಂಭಾಗದ ಕೋಣೆಯ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ, ಗೋಡೆಗೆ ಏಸಿ ಕೂರಿಸಿ, ಬೀರುವಿನಷ್ಟು ದೊಡ್ಡ ಕಂಪ್ಯೂಟರನ್ನು ಅಲ್ಲಿಟ್ಟಿದ್ದರು. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದ ಕಡೆಯ ಕೊಳವೆ ಬಾವಿಗಳು ಎಷ್ಟು ಆಳ, ನೀರು ಬಂತೋ ಇಲ್ಲವೋ ಎಂಬುದನ್ನು ಊರೂರಿನ ಲೆಕ್ಕದಲ್ಲಿ ಅದಕ್ಕೆ ಸೇರಿಸುವುದು ನನ್ನ ಕೆಲಸ.

ಕೋಣೆಯ ನೆಲಕ್ಕೆ ಕಲ್ಲು ಚಪ್ಪಡಿ ಹಾಸಿತ್ತು. ಏಸಿಯ ಕೆಳಗಿನ ಮೂಲೆಯಲ್ಲಿ ನಡೆದರೆ ಹೆಜ್ಜೆಯ ಸದ್ದು ಬೇರೆ ಥರ ಕೇಳುತ್ತಿತ್ತು, ಕೆಳಗಿನಿಂದ ಇನ್ಯಾರೋ ಹೆಜ್ಜೆಗೆ ಹೆಜ್ಜೆ ಸೇರಿಸಿದ ಹಾಗೆ. ನಮ್ಮ ಅಟೆಂಡರ್ ಆ ಮೂಲೆಯನ್ನು ಬಳಸಿಕೊಂಡೇ ಹೋಗುತ್ತಿದ್ದರು. ತಾಯಲೂರು ಕಡೆಯವರು, ಐವತ್ತು ದಾಟಿದವರು, ಬಹಳ ವರ್ಷ ಚಿನ್ನದ ಗಣಿಯೊಳಗೆ ದುಡಿದು ಬಂದವರು. ಯಾಕಣ್ಣಾ ಎಂದು ಕೇಳಿದರೆ, "ಅಲ್ಲಿ ಪೊಳ್ಳು ಐತಮ್ಮ. ಹಗೇವು ಇರ್ಬೇಕು" ಎಂದಿದ್ದರು. ಹಗೇವು ನನಗೆ ಗೊತ್ತಿತ್ತು. ರಾಗಿ ತುಂಬಿ ಮುಚ್ಚಿಡಲು ನೆಲದೊಳಗೆ ಕೊರೆದ ಗುಂಡಿ. ಬಾಯಿ ಕಿರಿದು, ಒಳಗೆ ಕೋಣೆಯಷ್ಟು ಅಗಲ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಕೂತಾಗ ಕರೆಂಟು ಹೋಯಿತು. ಅದೇನೂ ಹೊಸದಲ್ಲ. ಬ್ಯಾಟರಿಯ ಮೇಲೆ ಕಂಪ್ಯೂಟರ್ ಒಂದು ಗಂಟೆ ಓಡುತ್ತಿತ್ತು, ಏಸಿ ಮಾತ್ರ ಓಡುತ್ತಿರಲಿಲ್ಲ. ಹಾಗಾಗಿ ಕೋಣೆ ಕಾಯುವ ಮೊದಲೇ ಎಲ್ಲ ನಿಲ್ಲಿಸಿಬಿಡಬೇಕೆಂಬುದು ನಿಯಮ. ಆದರೆ ಅಂದು ಡಿಸ್ಕ್ ಬೆಳಗಿನಿಂದ ತಕರಾರು ಮಾಡುತ್ತಿತ್ತು. ಬೆಂಗಳೂರಿನಿಂದ ವರ್ಗವಾಗಿ ಬಂದಿದ್ದ ನಮ್ಮ ಇಂಜಿನಿಯರ್ ಅದರಲ್ಲಿದ್ದುದನ್ನೆಲ್ಲ ಟೇಪಿಗೆ ಇಳಿಸುತ್ತಿದ್ದರು.

"ಈಗ ನಿಲ್ಸಿದ್ರೆ ಇದು ಮತ್ತೆ ಏಳಲ್ಲ. ಇನ್ನರ್ಧ ಗಂಟೆ ಹೇಗಾದ್ರೂ ತಂಪಾಗಿಡಬೇಕು" ಎಂದರು.

ಅಟೆಂಡರ್ ಗೋಣಿಚೀಲ ನೆನೆಸಿ ಬಾಗಿಲಿಗೆ ಕಟ್ಟಿ, ಇನ್ನಷ್ಟು ನೀರಿಗೆಂದು ಹಿತ್ತಲ ಬಾವಿಗೆ ಹೋದರು. ನಾನು ಕಚೇರಿಯ ಲಾಟೀನು ಹಚ್ಚಿಟ್ಟು, ಪಕ್ಕದ ಮನೆಯಿಂದ ಮೊರ ತಂದು ಕಂಪ್ಯೂಟರಿಗೆ ಬೀಸತೊಡಗಿದೆ. ಏಸಿಯ ಗುಂಯ್ ಸದ್ದಿಲ್ಲದ ಆ ಕೋಣೆ ನನಗೆ ಯಾವತ್ತೂ ಹಿಡಿಸುತ್ತಿರಲಿಲ್ಲ. ಕಾದ ತಗಡು ಅಲ್ಲೊಮ್ಮೆ ಇಲ್ಲೊಮ್ಮೆ ಟಿಕ್ ಎನ್ನುತ್ತಿತ್ತು. ಯಾರೋ ಬಾಯಿ ಮುಚ್ಚಿ ಕಾಯುತ್ತಿರುವಂತೆ ಕತ್ತಲು ದಪ್ಪವಾಗುತ್ತಿತ್ತು. ಗೋಡೆಯ ಉಷ್ಣಮಾಪಕ ಮೂವತ್ತೈದು ದಾಟಿತು.

ಇಂಜಿನಿಯರ್ ಮೂಲೆಯ ಚಪ್ಪಡಿಯ ಮೇಲೆ ಅಂಗೈ ಊರಿ ಕೂತಿದ್ದರು. "ಇಲ್ಲಿ ಮುಟ್ಟಿ ನೋಡಿ, ಐಸ್ ಥರ ಇದೆ. ಕೆಳಗೆ ಪೊಳ್ಳಿರಬೇಕು. ಅಲ್ಲಿ ಟೇಬಲ್ ಫ್ಯಾನ್ ಇಟ್ಟು ಬ್ಯಾಟರಿಗೆ ಸಿಕ್ಕಿಸಿದ್ರೆ ಆ ಗಾಳಿನೇ ಮೇಲಕ್ಕೆ ಬರುತ್ತೆ."

ನಾನು ಹಗೇವಿನ ಮಾತು ಹೇಳಿದೆ. ಅವರಿಗೆ ಇನ್ನೂ ಹುರುಪು ಬಂತು. ಹಾರೆ ತಂದು ಮೀಟಿದರು. ಚಪ್ಪಡಿ ಪಕ್ಕಕ್ಕೆ ಸರಿದಾಗ ಹುಳಿ ವಾಸನೆ ಬಂತು, ಹಿಂದೆಯೇ ಕಾಲಿಗೆ ತಣ್ಣನೆಯದೇನೋ ತಾಗಿತು. ಬಾಯಿ ಒಬ್ಬರು ನುಸುಳುವಷ್ಟಿತ್ತು. ಒಳಗೋಡೆಯಲ್ಲಿ ಕಾಲಿಡಲು ಗೂಡುಗಳಿದ್ದವು. ಲಾಟೀನು ಹಿಡಿಯಲು ನನಗೆ ಹೇಳಿ, ಅವರು ಅಂಚಿನಲ್ಲಿ ಕೂತು ಎರಡೂ ಕಾಲು ಇಳಿಬಿಟ್ಟರು.

ಹಿಂದೆ ಬಕೆಟ್ ಬಿದ್ದ ಸದ್ದಾಯಿತು. ಅಟೆಂಡರ್ ಓಡಿ ಬಂದು ಅವರ ಎರಡೂ ಕಂಕುಳಿಗೆ ಕೈಹಾಕಿ ಹಿಂದಕ್ಕೆಳೆದರು. "ವದ್ದು ಸಾರ್, ವದ್ದು" ಎಂದು ತೆಲುಗಿನಲ್ಲೇ ಬೇಡ ಬೇಡವೆಂದರು. ಇಂಜಿನಿಯರ್ ಸಿಟ್ಟಾದರು. ಅಟೆಂಡರ್ ನನ್ನ ಕೈಯ ಲಾಟೀನನ್ನು ಬಾವಿ ಹಗ್ಗಕ್ಕೆ ಕಟ್ಟಿ ಗುಂಡಿಯೊಳಗೆ ಇಳಿಸಿದರು.

ಎರಡು ಮೊಳ ಇಳಿದಿರಬೇಕು. ಉರಿ ಅಲುಗಲಿಲ್ಲ, ಕುಗ್ಗಿತು, ಆರಿತು. ಮೇಲೆತ್ತಿ ಮತ್ತೆ ಹಚ್ಚಿ ಇಳಿಸಿದರು. ಅದೇ ಜಾಗದಲ್ಲಿ, ಯಾರೋ ಬೆರಳಿಂದ ಚಿವುಟಿದಂತೆ, ಮತ್ತೆ ಆರಿತು.

"ಗಣೀಲಿ ದೀಪ ಆರಿದ್ ಕಡೆ ಉಸಿರಾಡೋ ಗಾಳಿ ಇರಲ್ಲ, ನಾವು ಕಾಲಿಡ್ತಿರ್ಲಿಲ್ಲ ಸಾರ್" ಎಂದರು. "ನಮ್ಮ ಮಾವ ಹಿಂಗೇ ಹಗೇವಿಗೆ ಇಳ್ದ. ಕೂಗಿದ್ವಿ, ಮಾತಿಲ್ಲ. ಗೋಡೆಗೆ ಒರಗ್ಕೊಂಡು ಕೂತಿದ್ದ. ಏನೋ ಸುಸ್ತಾಗೈತೆ ಅಂದ್ಕೊಂಡ್ವಿ."

ಇಂಜಿನಿಯರ್ ಎದ್ದು ಹೋಗಿ ತಾವೇ ಕಂಪ್ಯೂಟರ್ ನಿಲ್ಲಿಸಿದರು. ಡಿಸ್ಕ್ ತಿರುಗುವ ಸದ್ದು ಸಣ್ಣಗಾಗುತ್ತಾ ಹೋಗಿ ನಿಂತಿತು. ಅವರು ಹೇಳಿದ್ದಂತೆಯೇ ಅದು ಮತ್ತೆ ಏಳಲಿಲ್ಲ. ಒಂದೂವರೆ ತಿಂಗಳು ಕೂತು ಆ ಊರುಗಳ ಲೆಕ್ಕವನ್ನೆಲ್ಲ, ದೇವರಾಯಸಮುದ್ರದಿಂದ ಹಿಡಿದು, ನಾನು ಮತ್ತೆ ಟೈಪ್ ಮಾಡಿದೆ.

ಮನೆಯ ಮಾಲೀಕರು ಗುಂಡಿಯನ್ನು ಒಂದು ವಾರ ತೆರೆದಿಟ್ಟರು. ದೀಪ ಆರದೆ ತಳ ಮುಟ್ಟಿದ ದಿನ ಒಬ್ಬ ಆಳು ಇಳಿದ. ಗೋಡೆಗೆ ಹತ್ತಿದ ಕಪ್ಪು ರಾಗಿ ಬಿಟ್ಟರೆ ಅಲ್ಲಿ ಇದ್ದದ್ದು ಒಂದು ಜೊತೆ ಹಳೇ ಚಪ್ಪಲಿ. ನಾವು ಕಂಪ್ಯೂಟರ್ ಕೋಣೆಯ ಹೊರಗೆ ಬಿಡುತ್ತಿದ್ದಂತೆ ಯಾರೋ ಒತ್ತಾಗಿ ಜೋಡಿಸಿ ಬಿಟ್ಟಿದ್ದರು. ಬೇರೇನೂ ಇರಲಿಲ್ಲ. ಯಾರದೆಂದು ಮಾಲೀಕರಿಗೂ ಗೊತ್ತಿರಲಿಲ್ಲ. ಮರಳು ತುಂಬಿಸಿ ಸಿಮೆಂಟ್ ಹಾಕಿಸಿದರು.

ಮುಂದಿನ ವರ್ಷ ಇಂಜಿನಿಯರಿಗೆ ವರ್ಗವಾಯಿತು. ಹೊರಡುವ ದಿನ ಕಾಫಿ ಕುಡಿಯುತ್ತಾ ತಾವಾಗಿಯೇ ಆ ಮಧ್ಯಾಹ್ನದ ಮಾತು ತೆಗೆದರು. "ಕಾಲು ಇಳಿಬಿಟ್ಟಾಗ ಭಯಾನೇ ಆಗ್ಲಿಲ್ಲ ಕಣ್ರೀ. ಎಷ್ಟು ಹಿತವಾಗಿತ್ತು ಅಂದ್ರೆ, ಕಂಪ್ಯೂಟರ್ ಮರೆತೇ ಹೋಗಿತ್ತು. ಸುಮ್ನೆ ಇಳಿದುಬಿಡೋಣ ಅನ್ನಿಸ್ತಿತ್ತು."

ಲಾಟೀನು ಹಿಡಿದು ಆ ಬಾಯಿಯ ಮೇಲೆ ಬಗ್ಗಿದ್ದಾಗ ನನಗೂ ಹಾಗೇ ಅನ್ನಿಸಿತ್ತು. ಅವರಿಗೆ ಹೇಳಲಿಲ್ಲ.