ಕಪ್ಪು ಗೆರೆಯೊಳಗಿನ ಸೀರೆ ಅಂಗಡಿ

ವ್ಯಾಪಾರಿಗಳಿಗೆ ಬುದ್ಧಿ ಹೇಳುವ ಪುಸ್ತಕವೊಂದನ್ನು ನಾನು ಬರೆದಿದ್ದೇನೆ. ಎಂದೂ ವ್ಯಾಪಾರ ಮಾಡದವನು ಬರೆದದ್ದಾದ್ದರಿಂದ ಅದರಲ್ಲಿ ಎಲ್ಲಿಯೂ ನಷ್ಟದ ಮಾತಿಲ್ಲ. ಕೊಂಡು ಓದಿದ ಒಬ್ಬಿಬ್ಬರು, ಚಳ್ಳಕೆರೆಯ ಎಣ್ಣೆ, ಕಂಬಳಿಯೆಲ್ಲ ಬಂದಿರುವಾಗ ಮೊಳಕಾಲ್ಮೂರಿನ ರೇಷ್ಮೆ ಸೀರೆ ಏಕೆ ಬರಲಿಲ್ಲವೆಂದು ಕೇಳಿದ್ದುಂಟು. ಜಾಗ ಸಾಲಲಿಲ್ಲವೆಂದು ಹೇಳುತ್ತ ಬಂದೆ. ಪತ್ರಿಕೆಯಲ್ಲಿ ಜಾಗ ಮಾರುವುದೇ ನನ್ನ ಕಸುಬಾಗಿದ್ದುದರಿಂದ ಎಲ್ಲರೂ ನಂಬಿದರು.

ಆಗ ನಾನು ಜಿಲ್ಲೆಯ ಒಂದು ವಾರಪತ್ರಿಕೆಗೆ ಊರೂರು ಸುತ್ತಿ ಜಾಹೀರಾತು ತರುವವನು. ಪತ್ರಿಕೆಯಲ್ಲಿ ದೊರೆಗಳ ಕ್ಷೇಮಸಮಾಚಾರ ಇರುತ್ತಿತ್ತು, ಮಳೆ ಬಾರದ ಸಮಾಚಾರ ಇರುತ್ತಿತ್ತು, ಕಡೆಯ ಪುಟದಲ್ಲಿ ದಪ್ಪ ಕಪ್ಪು ಗೆರೆಯ ಚೌಕದೊಳಗೆ ಕೋರ್ಟಿನ ಹರಾಜು ನೋಟೀಸು ಇರುತ್ತಿತ್ತು. ಜನ ಕಾಯುತ್ತಿದ್ದುದು ಈ ಕೊನೆಯದಕ್ಕೆ. ನಮ್ಮ ಸೀಮೆಯಲ್ಲಿ ಮನುಷ್ಯನೊಬ್ಬನ ಹೆಸರು ಅಚ್ಚಾಯಿತೆಂದರೆ ಅವನ ಬಾಗಿಲಿಗೆ ಜಪ್ತಿಗೆ ಕೋರ್ಟಿನ ಅಮೀನ ಬರುವ ಹೊತ್ತಾಯಿತೆಂದೇ ಅರ್ಥ. ಅಕ್ಷರ ಬಾರದವರಿಗೂ ಆ ಚೌಕದ ಗುರುತಿತ್ತು.

ಮೊಳಕಾಲ್ಮೂರಿನಲ್ಲಿ ಒಬ್ಬ ಸೀರೆ ಸಾಹುಕಾರರಿದ್ದರು. ಇಡೀ ಒಂದು ಬೀದಿಯ ನೇಕಾರರಿಗೆ ಅವರೇ ರೇಷ್ಮೆ ನೂಲು ಕೊಡುವವರು, ನೇಯ್ದ ಸೀರೆ ಕೊಳ್ಳುವವರೂ ಅವರೇ. ಆ ಮಗ್ಗಗಳಿದ್ದರೆ ಅವರ ಅಂಗಡಿ. ಇಲ್ಲದಿದ್ದರೆ ನಾಲ್ಕು ಗೋಡೆ. ಜಾಹೀರಾತಿನ ಲಾಭದ ಬಗ್ಗೆ ನನ್ನ ಉಪನ್ಯಾಸವನ್ನು ಅವರು ಎಲೆ ಅಡಿಕೆ ಮುಗಿಯುವವರೆಗೆ ಕೇಳಿದರು.

"ಅದಿರ್ಲಿ. ಈ ಪೇಪರ್‌ನಾಗೆ ಜನ ಓದೋದು ಏನ್ರಿ?"

"ನಿಜ ಹೇಳಬೇಕೆ?"

"ಸುಳ್ಳು ಹೇಳಾಕೆ ಪೇಪರ್ ಐತಲ್ಲ. ನೀವು ನಿಜ ಹೇಳ್ರಿ."

"ಹರಾಜು ನೋಟೀಸು."

"ಹಂಗಾದ್ರೆ ನಂದೂ ಅದೇ ಕಪ್ಪು ಗೆರೆ ಒಳಗೇ ಹಾಕ್ಸಿ. ಹೆಸರು ದಪ್ಪಕ್ಕಿರ್ಲಿ. ಎಲ್ರ ಕಣ್ಣು ಬೀಳೋ ಜಾಗ ಬಿಟ್ಟು ಮೂಲೆಯಾಗೆ ಕುಂತು ಏನ್ ಮಾಡ್ಲಿ?"

ಮುಂದೆ ದೊಡ್ಡ ಪಟ್ಟಣಗಳ ದೊಡ್ಡ ಜಾಹೀರಾತುದಾರರ ಬಾಯಲ್ಲೂ ನಾನು ಇಷ್ಟು ಶುದ್ಧವಾದ ತರ್ಕ ಕೇಳಲಿಲ್ಲ. ಒಳಗೆ ರಾಗಿ ಕೇರುತ್ತಿದ್ದ ಅವರ ತಾಯಿ ಮಾತ್ರ ಮೊರ ನಿಲ್ಲಿಸಿದರು.

"ಸತ್ತೋರ ಮನೀಗೆ ಜನ ಜಾಸ್ತಿ ಬರ್ತಾರೆ ಅಂತ ನೀನೂ ಚಟ್ಟ ಕಟ್ಟಿಸ್ಕಂತೀಯೇನಲೇ?"

"ಸುಮ್ಕಿರವ್ವ. ಇದು ಹೊಸ ಕಾಲದ್ದು," ಎಂದು ನಕ್ಕು, ವರ್ಷಪೂರ್ತಿಯ ಜಾಹೀರಾತಿಗೆ ಒಪ್ಪಿ ರುಜು ಹಾಕಿದರು.

ಪತ್ರಿಕೆ ಹೊರಡುವ ಗುರುವಾರಗಳು ಎರಡು ಮೂರು ಕಳೆದ ಮೇಲೆ ಚಳ್ಳಕೆರೆಯಿಂದ ಮತ್ತೆ ಅತ್ತ ಹೊರಟೆ. ಕೊಂಡ್ಲಹಳ್ಳಿ ದಾಟಿದ ಮೇಲೆ ಗಾಡಿಯವನು ಎತ್ತುಗಳಿಗೆ ಹೇಳುವವನ ಹಾಗೆ ಕೇಳಿದ.

"ಸ್ವಾಮ್ಯಾರು ಅಮೀನರಾ?"

"ಅಲ್ಲಪ್ಪ."

"ಬರೋ ಅಮೀನರೆಲ್ಲ ಹಂಗೇ ಅಂತಾರೆ. ಆ ಸೀರೆ ಸಾವ್ಕಾರ್ರ ಮನೆ ಹರಾಜು ಯಾವತ್ತು?"

ಊರು ಮುಟ್ಟಿದಾಗ ಮಟಮಟ ಮಧ್ಯಾಹ್ನ. ನೇಕಾರರ ಬೀದಿಯಲ್ಲಿ ಆ ಹೊತ್ತಿಗೆ ಮಗ್ಗಗಳ ಸದ್ದಿನಿಂದ ಮಾತು ಕೇಳಿಸುವುದಿಲ್ಲ. ಅಂದು ನನ್ನ ಚಪ್ಪಲಿಯ ಸದ್ದು ನನಗೇ ಕೇಳಿಸಿತು. ಅಂಗಡಿಯ ಜಗಲಿಯ ಮೇಲೆ ಬಣ್ಣಬಣ್ಣದ ರೇಷ್ಮೆ ಎಳೆಗಳ ಸಣ್ಣ ಸಣ್ಣ ಕಟ್ಟುಗಳು ಸಾಲಾಗಿ ಬಿದ್ದಿದ್ದವು. ಯಾರೂ ಅವನ್ನು ಮುಟ್ಟಿರಲಿಲ್ಲ.

ಅದರ ಅರ್ಥ ನನಗೆ ಆಮೇಲೆ ತಿಳಿಯಿತು. ಸೀರೆ ಮುಗಿದಾಗ ನೇಕಾರ ಮಗ್ಗವನ್ನು ಬರಿದು ಮಾಡುವುದಿಲ್ಲ; ಹಳೆಯ ಹಾಸಿನ, ಎಂದರೆ ಉದ್ದೆಳೆಗಳ, ತುದಿಗಳನ್ನು ಉಳಿಸಿಕೊಂಡು, ಸಾಹುಕಾರ ಕೊಟ್ಟ ಹೊಸ ಹಾಸಿನ ಒಂದೊಂದೇ ಎಳೆಯನ್ನು ಅದಕ್ಕೆ ಗಂಟು ಹಾಕುತ್ತಾನೆ. ಅಪ್ಪನ ಕಾಲದ ಎಳೆಗೆ ಮಗನ ಕಾಲದ್ದು ಹೀಗೆಯೇ ಕೂಡಿಕೊಂಡು ಬಂದಿರುತ್ತದೆ. ಸಾಹುಕಾರನನ್ನು ಬಿಡುವವನು ಆ ತುದಿಗಳನ್ನು ಕೊಯ್ದು ತಂದು ಅವನ ಜಗಲಿಯ ಮೇಲಿಡುತ್ತಾನೆ. ಜಗಳವಿಲ್ಲ, ಮಾತಿಲ್ಲ.

ಸಾಹುಕಾರರು ಒಳಗೆ ಕಂಬಕ್ಕೆ ಒರಗಿ ಕುಳಿತಿದ್ದರು. ಮುಂದಿನ ವಾರ "ಇದು ಹರಾಜಲ್ಲ" ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸೋಣವೆಂದೆ. ಉತ್ತರ ಕೊಟ್ಟವರು ತಾಯಿ.

"ಮೊದ್ಲು ಹೆಣ ಅಂದ್ರಿ. ಈಗ ಹೆಣ ಅಲ್ಲ ಅಂತೀರಾ? ಬದುಕಿರೋರ ಬಗ್ಗೆ ಯಾರಾದ್ರೂ ಹಂಗೆ ಸಾರ್ತಾರಾ?"



ಜಾಹೀರಾತನ್ನು ನಿಲ್ಲಿಸಿರೆಂದು ಸಂಪಾದಕರಿಗೆ ಅಂದೇ ಟಪಾಲಿನಲ್ಲಿ ಬರೆದು, ಉತ್ತರ ಬರುವವರೆಗೆ ಛತ್ರದಲ್ಲಿ ಉಳಿದೆ. ಬೆಳಗಾದರೆ ಜಗಲಿಯ ಮೇಲೆ ಇನ್ನೊಂದು ಕಟ್ಟು. ಕ್ಷೌರಿಕ ಆ ಮನೆಯ ಮುಂದೆ ಬಂದಾಗ ಎದುರು ಸಾಲಿಗೆ ದಾಟಿ ನಡೆಯುತ್ತಿದ್ದ. ಸಂಪಾದಕರ ಉತ್ತರವೂ ಬಂತು. ಒಮ್ಮೆ ಒಪ್ಪಿಕೊಂಡ ಜಾಹೀರಾತನ್ನು ನಡುವೆ ನಿಲ್ಲಿಸುವುದು ಪತ್ರಿಕೆಯ ಸತ್ಯಸಂಧತೆಗೆ ಕುಂದು. ಅಲ್ಲದೆ ಆ ಚೌಕದ ಅಚ್ಚುಮೊಳೆಗಳನ್ನು ಒಮ್ಮೆ ಬಿಗಿದು ಕಟ್ಟಿದ್ದಾಗಿದೆ, ಬಿಚ್ಚಲು ಆಳಿಲ್ಲ. ಕೊನೆಯಲ್ಲಿ ನನ್ನ ಉದ್ಯೋಗದಕ್ಷತೆಗೆ ಅಭಿನಂದನೆ.

ಅದರ ಮರುದಿನ ಆ ಬೀದಿಗೆಲ್ಲ ಹಿರಿಯರಾದ ಮುದುಕ ನೇಕಾರರೊಬ್ಬರು ತಾವೇ ಬಂದರು. ಸಾಹುಕಾರರ ಅಪ್ಪನ ಕಾಲದಿಂದ ಈ ಅಂಗಡಿಗೇ ನೇಯ್ದವರು. ಅವರು ಉಳಿದರೆ ಹೋದವರೂ ತಿರುಗಿ ಬರುತ್ತಾರೆಂದು ಸಾಹುಕಾರರು ಎರಡು ದಿನದಿಂದ ಅದೊಂದನ್ನೇ ಹೇಳುತ್ತಿದ್ದರು. ಬಂದ ಮುದುಕರ ಕೈ ಬರಿದಾಗಿತ್ತು. ಸಾಹುಕಾರರ ಮುಖಕ್ಕೆ ಜೀವ ಬಂತು.

ಮುದುಕರು ನನ್ನ ಕಡೆ ತಿರುಗಿದರು. "ಅದೇನೋ ಅಚ್ಚು ಹಾಕ್ಸೀರಂತಲ್ಲ. ಒಂದ್ಸಲ ಚದವಂಡಿ. ಏನೈತೆ ಓದ್ರಿ, ಕೇಳ್ತೀನಿ."

ಆಗ ಹೊಳೆಯಿತು: ಇಷ್ಟು ದಿನದಲ್ಲಿ ಯಾರೂ ಅದನ್ನು ಓದಿಸಿ ಕೇಳಿರಲಿಲ್ಲ. ಗೆರೆ ನೋಡಿ, ಹೆಸರು ಕೇಳಿ, ಮಗ್ಗದ ತುದಿ ಕೊಯ್ದಿದ್ದರು. ನಾನು ಗಂಟಲು ಸರಿಮಾಡಿಕೊಂಡು ಅಕ್ಷರ ಬಿಡದೆ ಓದಿದೆ. ಅಪ್ಪಟ ರೇಷ್ಮೆ, ಅಸಲು ಜರಿ, ಬಣ್ಣ ಬಿಡದ ಸೀರೆ, ಒಮ್ಮೆ ದಯಮಾಡಿಸಿ ಎಂಬ ಬಿನ್ನಹ. ಎಲ್ಲ ನನ್ನದೇ ರಚನೆ.

"ಇಷ್ಟೇನಾ?"

"ಇಷ್ಟೇ ಯಜಮಾನ್ರೇ. ಹರಾಜಿಲ್ಲ, ಕೋರ್ಟಿಲ್ಲ."

"ನಾನ್ ಹೇಳಲಿಲ್ವಾ?" ಎಂದರು ಸಾಹುಕಾರರು.

ಮುದುಕರು ಸಾಹುಕಾರರ ಕಡೆ ತಿರುಗಿದರು.

"ನಿಮ್ಮಪ್ಪಾರ ಕಾಲದಾಗೆ ರಾಯದುರ್ಗದಿಂದ, ಬಳ್ಳಾರಿಯಿಂದ ಗಾಡಿ ಕಟ್ಕೊಂಡ್ ಬರೋರು. ಬರ್ರಿ ಅಂತ ಅವ್ರು ಯಾರ್ನೂ ಕರೀಲಿಲ್ಲ. ನಮ್ಮ ಸೀರೆ ಚೆನ್ನಾಗೈತೆ ಅಂತ ನೀವು ವಾರವಾರ ಊರೂರಿಗೆ ಕೂಗೋ ಹಂಗಾತು ಅಂದ್ರೆ..." ಅವರು ಮಾತು ಅಲ್ಲಿಗೇ ಬಿಟ್ಟು, ತಲೆಯ ರುಮಾಲು ಬಿಚ್ಚಿದರು. "ಹರಾಜು ಅಂದಿದ್ರೆ, ಯಾರೋ ಆಗದೋರು ಮಾಡಿದ್ದು ಅಂತ ನಿಮ್ ಜೊತೆಗೇ ನಿಂತ್ಕಂತಿದ್ದೆ."

ರುಮಾಲಿನ ಮಡಿಕೆಯಲ್ಲಿದ್ದ ಕಟ್ಟನ್ನು ಜಗಲಿಯ ಮೇಲಿಡಲಿಲ್ಲ, ಸಾಹುಕಾರರ ಕೈಗೇ ಕೊಟ್ಟರು. ಅದೊಂದು ಮರ್ಯಾದೆ. ಕೈಮುಗಿದು, ನನಗೂ ಮುಗಿದು, ಬಿಸಿಲಿಗೆ ಇಳಿದರು.

ಸಾಹುಕಾರರು ಆ ಎಳೆಗಳನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಕೇಳಿದರು.

"ಬರೋ ಗುರುವಾರನೂ ಬರ್ತೈತಾ?"

"ಬರುತ್ತೆ," ಎಂದೆ. "ವರ್ಷಪೂರ್ತಿ."